ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಬಿ ಅಂಡ್ ಬಿ ವಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್ ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜುಗಳು ಬರುತ್ತವೆ. ಎಡಿನ್‌ಬರೋ ನೋಡಿ ಆದ ಮೇಲೆ ಉತ್ತರದ ಕಡೆ ಹೋಗಬೇಕು, ಹಳ್ಳಿಯಲ್ಲಿ ಉಳಿಯಬೇಕು, ಊಟದ ಕತೆ ಏನು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಬಹುದಾ ಅಂತ. ಇಲ್ಲಿ ನೆಲೆಸಿದ ಮೇಲೆ ವರ್ಷಕ್ಕೆ ಒಂದೆರಡು ಸಲವಾದರೂ ಆ ಕಡೆ ಹೋಗಿ ಬರುತ್ತೇನೆ. ಉಳಿಯುವುದು ಹೆಚ್ಚಾಗಿ ಬಿ ಅಂಡ್ ಬಿ ಮನೆಗಳಲ್ಲೇ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುತ್ತಿದ್ದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಬಿ ಅಂಡ್ ಬಿ ಅಂದರೆ ಸಣ್ಣ ಹೋಟೆಲ್ಲಾ?

ಅಲ್ಲ. ಅದು ಒಬ್ಬರ ಮನೆ. ಅವರು ಅಲ್ಲೇ ಇರುತ್ತಾರೆ. ಮನೆಯ ಎರಡೋ ಮೂರೋ ಕೋಣೆ ಬಂದವರಿಗೆ ಕೊಟ್ಟು, ಬೆಳಿಗ್ಗೆ ತಿಂಡಿ ಮಾಡಿ ಬಡಿಸುತ್ತಾರೆ. ಹಾಸಿಗೆ ಮತ್ತು ಬೆಳಗಿನ ತಿಂಡಿ, ಹೆಸರಿನ ಅರ್ಥವೇ ಅಷ್ಟು. ರಿಸೆಪ್ಷನ್ ಇಲ್ಲ, ರೂಮ್ ಸರ್ವಿಸ್ ಇಲ್ಲ, ಲಿಫ್ಟ್ ಇಲ್ಲ. ಬಾಗಿಲು ತೆಗೆಯುವವರೇ ಅಡುಗೆ ಮಾಡುವವರು, ಹಾಸಿಗೆ ಹಾಸುವವರು, ನಾಳೆ ಮಳೆ ಬರುತ್ತಾ ಅಂತ ಹೇಳುವವರೂ ಅವರೇ.

ನಮ್ಮ ಕೊಡಗಿನ ಹೋಮ್‌ಸ್ಟೇ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ: ಇಲ್ಲಿ ರಾತ್ರಿ ಊಟ ಸಾಮಾನ್ಯವಾಗಿ ಸಿಗುವುದಿಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ, ಯಾಕೆಂದರೆ ನಮ್ಮವರು ಹೆಚ್ಚು ಕಷ್ಟಪಡುವುದು ಅಲ್ಲೇ.

ಯಾವ ಕಡೆ ಹೋಗೋದು?

ಎಲ್ಲರೂ ಮೊದಲು ಹೇಳುವ ಹೆಸರು ಸ್ಕೈ ದ್ವೀಪ. ಚೆಂದದ ಜಾಗ, ಅನುಮಾನವೇ ಇಲ್ಲ. 1995ರಲ್ಲಿ ಸೇತುವೆ ಆದ ಮೇಲೆ ಕಾರಿನಲ್ಲೇ ಹೋಗಬಹುದು. ಆದರೆ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ತುಂಬಾ ಜನ.

ನನ್ನನ್ನು ಕೇಳಿದರೆ ವಾಯುವ್ಯ ಮೂಲೆಗೆ ಹೋಗಿ ಅನ್ನುತ್ತೇನೆ. ಉತ್ತರದ ಮುಖ್ಯ ನಗರ ಇನ್ವರ್ನೆಸ್‌ನಿಂದ ಅಲ್ಲಪೂಲ್ ಅನ್ನುವ ಬಂದರು ಊರು ಸುಮಾರು 90 ಕಿಲೋಮೀಟರ್. ಅಲ್ಲಿಂದ ಮೇಲಕ್ಕೆ ಅಸಿಂಟ್, ಲಾಕಿನ್ವರ್, ಕೈಲ್‌ಸ್ಕೂ, ಸ್ಕೌರಿ, ಕೊನೆಗೆ ಉತ್ತರದ ಕರಾವಳಿಯ ಡರ್ನೆಸ್. ಅಸಿಂಟ್‌ನ ಬೆಟ್ಟಗಳು ಸಾಲಾಗಿ ನಿಂತಿರುವುದಿಲ್ಲ. ಬಯಲಿನಲ್ಲಿ ಒಂದೊಂದೇ ಎದ್ದು ನಿಂತಿರುತ್ತವೆ. ಸುಯಿಲ್ವೆನ್ ಅನ್ನುವ ಬೆಟ್ಟದ ಎತ್ತರ ಬರೀ 731 ಮೀಟರ್. ಆದರೂ ಅದನ್ನು ಮೊದಲ ಸಲ ನೋಡಿದಾಗ ಕಾರು ನಿಲ್ಲಿಸಿ ಇಳಿದೆ. ಅದರ ಬುಡದಲ್ಲಿರುವ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು.

ಪೂರ್ವಕ್ಕೆ ಹೋದರೆ ಫ್ಲೋ ಕಂಟ್ರಿ. ಕಣ್ಣು ಹಾಯುವಷ್ಟು ದೂರ ಪೀಟ್, ಅಂದರೆ ಸಾವಿರಾರು ವರ್ಷಗಳಿಂದ ಪಾಚಿ ಕೊಳೆತು ಕೂತ ಜೌಗು ನೆಲ. 2024ರಲ್ಲಿ ಯುನೆಸ್ಕೋ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಮುದ್ರ ದಾಟಲು ಮನಸ್ಸಿದ್ದರೆ ಲೂಯಿಸ್, ಹ್ಯಾರಿಸ್ ದ್ವೀಪಗಳಿವೆ. ಅಲ್ಲಪೂಲ್‌ನಿಂದ ಲೂಯಿಸ್‌ನ ಸ್ಟಾರ್ನೋವೆ ಊರಿಗೆ ಫೆರಿಯಲ್ಲಿ ಸುಮಾರು ಎರಡೂಮುಕ್ಕಾಲು ಗಂಟೆ. ಕಾರು ಒಯ್ಯುವುದಾದರೆ ರೂಮಿಗೂ ಮೊದಲು ಫೆರಿ ಬುಕ್ ಮಾಡಿ.

2015ರಿಂದ ನಾರ್ತ್ ಕೋಸ್ಟ್ 500 ಅನ್ನುವ ಹೆಸರಲ್ಲಿ ಇಡೀ ಉತ್ತರ ಕರಾವಳಿಯನ್ನು ಸುತ್ತುವ ದಾರಿ ಜನಪ್ರಿಯವಾಗಿದೆ. ಐನೂರಕ್ಕೂ ಜಾಸ್ತಿ ಮೈಲಿ. ಅದನ್ನು ನಾಲ್ಕು ದಿನದಲ್ಲಿ ಮುಗಿಸಬೇಕು ಅಂತ ಹೊರಡುವವರಿಗೆ ನನ್ನದೊಂದು ಕೋರಿಕೆ. ದಯವಿಟ್ಟು ಹಾಗೆ ಮಾಡಬೇಡಿ. ದಿನಾ ಹೊಸ ಹಾಸಿಗೆ, ದಿನಾ ಸ್ಟೀರಿಂಗ್. ನೆನಪಿನಲ್ಲಿ ಉಳಿಯುವುದು ಡಾಂಬರು ಮಾತ್ರ. ಎರಡೇ ಜಾಗ ಆರಿಸಿ, ಒಂದೊಂದರಲ್ಲಿ ಮೂರು ರಾತ್ರಿ ಇರಿ. ಮೊದಲ ದಿನ ನೀವು ಅಲ್ಲಿ ಗಿರಾಕಿ. ಮೂರನೇ ದಿನ ಬೆಳಿಗ್ಗೆ ಮನೆಯವರೇ "ಇವತ್ತು ಗಾಳಿ ಪೂರ್ವದಿಂದ ಬೀಸ್ತಿದೆ, ಈ ದಂಡೆಗೆ ಹೋಗಿ, ಆ ದಂಡೆ ಬೇಡ" ಅಂತ ಹೇಳಿ ಕಳಿಸುತ್ತಾರೆ. ಆ ಮಾತಿಗಾಗಿಯೇ ನಾನು ಹೋಟೆಲ್ ಬಿಟ್ಟು ಬಿ ಅಂಡ್ ಬಿ ಹುಡುಕುವುದು.

ಯಾವ ತಿಂಗಳು ಒಳ್ಳೆಯದು?

ಮೇ ಮತ್ತು ಜೂನ್ ಮೊದಲ ಎರಡು ವಾರ. ಆಗ ಮಳೆ ಸ್ವಲ್ಪ ಕಡಿಮೆ, ಹಗಲು ಉದ್ದ, ಕಚ್ಚುವ ನೊಣಗಳ ಕಾಟ ಇನ್ನೂ ಜೋರಾಗಿರುವುದಿಲ್ಲ. ಸೆಪ್ಟೆಂಬರ್ ಕೂಡ ಚೆನ್ನಾಗಿರುತ್ತದೆ. ಬಹಳಷ್ಟು ಮನೆಗಳು ಈಸ್ಟರ್‌ನಿಂದ ಅಕ್ಟೋಬರ್ ತನಕ ಮಾತ್ರ ತೆರೆದಿರುತ್ತವೆ. ಚಳಿಗಾಲದಲ್ಲಿ ಹೋಗುವುದಾದರೆ ಮೊದಲೇ ಕೇಳಿಕೊಂಡು ಹೋಗಿ.

ಜೂನ್ ಕೊನೆಯಲ್ಲಿ ಇನ್ವರ್ನೆಸ್ ಕಡೆ ಸೂರ್ಯ ಮುಳುಗುವುದು ರಾತ್ರಿ ಹತ್ತೂವರೆ ಹೊತ್ತಿಗೆ. ಬೆಳಿಗ್ಗೆ ನಾಲ್ಕೂವರೆ ಒಳಗೆ ಮತ್ತೆ ಹುಟ್ಟುತ್ತಾನೆ. ನಡುವೆಯೂ ಪೂರ್ತಿ ಕತ್ತಲಾಗುವುದಿಲ್ಲ. ಬೆಳಕಿದ್ದರೆ ನಿದ್ದೆ ಬಾರದವರು ಕಣ್ಣಿಗೆ ಕಟ್ಟುವ ಪಟ್ಟಿ ತನ್ನಿ. ಡಿಸೆಂಬರ್‌ನಲ್ಲಿ ಇದಕ್ಕೆ ತದ್ವಿರುದ್ಧ. ಮಧ್ಯಾಹ್ನ ಮೂರೂವರೆಗೆ ಕತ್ತಲು.

ಬುಕ್ಕಿಂಗ್ ಹೇಗೆ? ಎಷ್ಟಾಗುತ್ತದೆ?

ದೊಡ್ಡ ವೆಬ್‌ಸೈಟುಗಳಲ್ಲಿ ಕೆಲವು ಮನೆ ಸಿಗುತ್ತವೆ. ಆದರೆ ಎರಡು ಕೋಣೆಯ ಮನೆಯವರು ಕಮಿಷನ್ ಕೊಡಲು ಆಗದೆ ತಮ್ಮದೇ ಪುಟ್ಟ ವೆಬ್‌ಸೈಟ್ ಇಟ್ಟುಕೊಂಡಿರುತ್ತಾರೆ. ಊರಿನ ಹೆಸರಿನ ಜೊತೆ ಬಿ ಅಂಡ್ ಬಿ ಅಂತ ಹುಡುಕಿ, ನೇರವಾಗಿ ಫೋನ್ ಮಾಡಿ ಅಥವಾ ಇಮೇಲ್ ಬರೆಯಿರಿ. ಫೋನ್ ಮಾಡುವುದೇ ಒಳ್ಳೆಯದು. ಎರಡು ನಿಮಿಷ ಮಾತಾಡಿದರೆ ಊಟ, ಮೆಟ್ಟಿಲು, ಮಕ್ಕಳು ಎಲ್ಲದರ ಬಗ್ಗೆಯೂ ಒಟ್ಟಿಗೆ ತಿಳಿಯುತ್ತದೆ. ಜುಲೈಗೆ ಹೋಗುವುದಾದರೆ ಫೆಬ್ರವರಿಯಲ್ಲೇ ಬುಕ್ ಮಾಡಿ.

ಇಬ್ಬರಿಗೆ ಒಂದು ರಾತ್ರಿಗೆ ಸುಮಾರು ನೂರು ಪೌಂಡ್ ಇಟ್ಟುಕೊಂಡು ಲೆಕ್ಕ ಹಾಕಿ. ಸ್ಕೈನಲ್ಲಿ ಜಾಸ್ತಿಯೇ ಆಗುತ್ತದೆ. ಒಂದು ವಿಷಯ ಗಮನಿಸಿ: ಕೆಲವರು ಕೋಣೆಗೆ ಇಷ್ಟು ಅನ್ನುತ್ತಾರೆ, ಕೆಲವರು ಹಳೇ ರೂಢಿಯಂತೆ ಒಬ್ಬರಿಗೆ ಇಷ್ಟು ಅನ್ನುತ್ತಾರೆ. ಯಾವುದು ಅಂತ ಕೇಳಿಕೊಳ್ಳಿ. ಒಬ್ಬರೇ ಹೋದರೆ ಅರ್ಧ ದರ ಅಂದುಕೊಳ್ಳಬೇಡಿ. ಕೋಣೆ ಒಂದು ಪೂರ್ತಿ ಹೋಗುತ್ತದಲ್ವಾ, ಅದಕ್ಕೆ ಹೆಚ್ಚು ತೆಗೆದುಕೊಳ್ಳುತ್ತಾರೆ.

ಸ್ಕಾಟ್ಲೆಂಡಿನಲ್ಲಿ ಈಗ ಇಂಥ ಮನೆಗಳಿಗೆ ಸ್ಥಳೀಯ ಕೌನ್ಸಿಲಿನ ಲೈಸೆನ್ಸ್ ಬೇಕು. ಹಳೇ ಮನೆಗಳವರು ಅರ್ಜಿ ಹಾಕಲು ಕೊನೇ ದಿನ 2023ರ ಅಕ್ಟೋಬರ್ 1 ಆಗಿತ್ತು. ಜಾಹೀರಾತಿನಲ್ಲಿ ಲೈಸೆನ್ಸ್ ನಂಬರ್ ಹಾಕಬೇಕು. ಅದು ಇದೆಯಾ ಅಂತ ನೋಡಿ. ಮನೆಯಲ್ಲಿ ಎಷ್ಟು ಜನ ಉಳಿಯಬಹುದು ಅನ್ನುವುದೂ ಲೈಸೆನ್ಸಿನಲ್ಲೇ ಬರೆದಿರುತ್ತದೆ. ಹಾಗಾಗಿ "ಒಂದು ಎಕ್ಸ್‌ಟ್ರಾ ಬೆಡ್ ಹಾಕಿ, ಮಗು ಮಲಗುತ್ತೆ" ಅಂತ ಹೋದ ಮೇಲೆ ಕೇಳಬೇಡಿ. ಅವರಿಗೆ ಕೊಡುವ ಮನಸ್ಸಿದ್ದರೂ ಕಾನೂನು ಬಿಡುವುದಿಲ್ಲ. ಇದರ ಖರ್ಚು, ಓಡಾಟ ಬೇಡ ಅಂತ ವಯಸ್ಸಾದ ಕೆಲವರು ಮನೆ ಬಾಗಿಲು ಮುಚ್ಚಿಬಿಟ್ಟರು. ಬಂದವರ ಸುರಕ್ಷತೆಗೆ ನಿಯಮ ಬೇಕು, ನಿಜ. ಆದರೂ ಎರಡು ಕೋಣೆಯ ಅಜ್ಜಿ ಮನೆಯನ್ನು ದೊಡ್ಡ ವ್ಯಾಪಾರದ ಥರ ನೋಡಿದ್ದು ಸರಿಯಲ್ಲ ಅಂತಲೇ ನನಗೆ ಅನಿಸುತ್ತದೆ.

ಎಷ್ಟು ಹೊತ್ತಿಗೆ ತಲುಪಬೇಕು? ರಾತ್ರಿ ತಡವಾಗಿ ಹೋದರೆ?

ಹೆಚ್ಚಿನ ಮನೆಗಳಲ್ಲಿ ಸಂಜೆ ನಾಲ್ಕರಿಂದ ಆರು, ಏಳು ಗಂಟೆಯೊಳಗೆ ಬನ್ನಿ ಅನ್ನುತ್ತಾರೆ. ಸುಮ್ನೆ ಹೇಳುವ ಮಾತಲ್ಲ ಇದು. ಅವರು ನಿಮಗಾಗಿ ಮನೆಯಲ್ಲೇ ಕಾಯುತ್ತಾರೆ.

ಒಂದು ಸಲ ನಾನು ದಾರಿಯಲ್ಲಿ ಫೋಟೋ ತೆಗೆಯುತ್ತಾ ಹೊತ್ತು ಮಾಡಿಕೊಂಡೆ. ಫೋನಿಗೆ ಸಿಗ್ನಲ್ ಇಲ್ಲ. ಒಂಬತ್ತೂವರೆಗೆ ತಲುಪಿದಾಗ ಮನೆಯಾಕೆ ಗೇಟಿನ ಹತ್ತಿರ ನಿಂತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಜಿಂಕೆ ಅಡ್ಡ ಬಂದು ಕಾರಿಗೆ ಏನಾದರೂ ಆಯಿತೇನೋ ಅಂತ ಅವರಿಗೆ ಗಾಬರಿಯಾಗಿತ್ತು. ಬೈಯಲಿಲ್ಲ, ಟೀ ಮಾಡಿಕೊಟ್ಟರು. ನನಗೆ ಬಹಳ ನಾಚಿಕೆಯಾಯಿತು. ಅಂದಿನಿಂದ, ಸಿಗ್ನಲ್ ಇರುವ ಕೊನೇ ಊರಿನಲ್ಲಿ ನಿಲ್ಲಿಸಿ "ಇಂಥ ಹೊತ್ತಿಗೆ ಬರ್ತೀನಿ" ಅಂತ ಹೇಳಿಯೇ ಮುಂದೆ ಹೋಗುತ್ತೇನೆ. ನೀವೂ ಹಾಗೆ ಮಾಡಿ.

ಬೆಳಿಗ್ಗೆ ತಿಂಡಿಗೆ ಏನು ಕೊಡುತ್ತಾರೆ?

ದೊಡ್ಡ ತಟ್ಟೆ ತುಂಬ. ಬೇಕನ್, ಸಾಸೇಜು, ಮೊಟ್ಟೆ, ಬೇಯಿಸಿದ ಬೀನ್ಸ್, ಹುರಿದ ಅಣಬೆ, ಟೊಮೇಟೊ, ಟೋಸ್ಟ್. ಸ್ಕಾಟ್ಲೆಂಡಿನದೇ ಆದ ಕೆಲವು ಐಟಂಗಳೂ ಇರುತ್ತವೆ. ಚೌಕಾಕಾರದ ಲಾರ್ನ್ ಸಾಸೇಜು, ಆಲೂಗಡ್ಡೆ ಮತ್ತು ಹಿಟ್ಟು ಕಲಸಿ ತಟ್ಟಿ ಬೇಯಿಸಿದ ಟ್ಯಾಟಿ ಸ್ಕೋನ್, ಬ್ಲ್ಯಾಕ್ ಪುಡಿಂಗ್, ಹ್ಯಾಗಿಸ್. ಬ್ಲ್ಯಾಕ್ ಪುಡಿಂಗ್ ಅಂದರೆ ರಕ್ತಕ್ಕೆ ಓಟ್ಸ್, ಕೊಬ್ಬು ಸೇರಿಸಿ ಮಾಡಿದ್ದು. ಸ್ಟಾರ್ನೋವೆಯದು ಬಹಳ ಹೆಸರುವಾಸಿ. ನಮ್ಮ ಮೈಸೂರು ಮಲ್ಲಿಗೆಗೆ ಇರುವ ಥರ ಅದರ ಹೆಸರಿಗೂ ಕಾನೂನಿನ ರಕ್ಷಣೆ ಇದೆ. ಹ್ಯಾಗಿಸ್ ಅಂದರೆ ಕುರಿಯ ಹೃದಯ, ಪಿತ್ತಜನಕಾಂಗ, ಶ್ವಾಸಕೋಶಗಳನ್ನು ಓಟ್ಸ್, ಈರುಳ್ಳಿ, ಮೆಣಸಿನ ಪುಡಿ ಹಾಕಿ ಬೇಯಿಸಿದ್ದು. ಮಾಂಸ ತಿನ್ನುವವರು ಹೆದರದೆ ರುಚಿ ನೋಡಿ. ಖಾರ, ಮಸಾಲೆ ಇರುವುದರಿಂದ ನಮ್ಮ ನಾಲಿಗೆಗೆ ಚೆನ್ನಾಗಿ ಹಿಡಿಸುತ್ತದೆ.

ಗಂಜಿ ಇಷ್ಟಪಡುವವರಿಗೆ ಪಾರಿಜ್ ಇದೆ. ಓಟ್ಸನ್ನು ನೀರಿನಲ್ಲಿ ಬೇಯಿಸಿ ಉಪ್ಪು ಹಾಕುವುದು ಹಳೇ ಪದ್ಧತಿ. ಸ್ಪರ್ಟಲ್ ಅನ್ನುವ ಮರದ ಕೋಲಿನಿಂದಲೇ ಅದನ್ನು ತಿರುವಬೇಕು. ಕಾರ್‌ಬ್ರಿಜ್ ಅನ್ನುವ ಹಳ್ಳಿಯಲ್ಲಿ 1994ರಿಂದ ಪಾರಿಜ್ ಮಾಡುವ ವಿಶ್ವ ಸ್ಪರ್ಧೆಯೇ ನಡೆಯುತ್ತಿದೆ. ಬಹುಮಾನ ಚಿನ್ನದ ಸ್ಪರ್ಟಲ್. ಸಕ್ಕರೆ ಬೇಡ, ಉಪ್ಪು ಹಾಕಿದ್ದೇ ಕೊಡಿ ಅಂದರೆ ಹಳಬರಿಗೆ ತುಂಬಾ ಖುಷಿಯಾಗುತ್ತದೆ. ನನ್ನ ಅಮ್ಮ ಮೊದಲ ದಿನ ತಿಂದು, "ಇದಕ್ಕೆ ಒಂದು ಉಪ್ಪಿನಕಾಯಿ ಇದ್ದಿದ್ರೆ ಸಾಕಿತ್ತು" ಅಂದರು. ಎರಡನೇ ದಿನ ಬ್ಯಾಗಿನಿಂದ ಬಾಟಲಿ ಹೊರಗೆ ಬಂತು. ಮನೆಯಾಕೆಯೂ ಒಂದು ಚೂರು ನೆಂಚಿಕೊಂಡರು.

ನಾವು ಸಸ್ಯಾಹಾರಿಗಳು. ಏನು ಹೇಳಬೇಕು?

ಬುಕ್ ಮಾಡುವಾಗಲೇ ಹೇಳಿ. ಬೆಳಿಗ್ಗೆ ಟೇಬಲ್ಲಿಗೆ ಬಂದು ಹೇಳಿದರೆ ಏನೂ ಪ್ರಯೋಜನವಿಲ್ಲ, ಯಾಕೆಂದರೆ ಹತ್ತಿರದ ಅಂಗಡಿ ಮೂವತ್ತು ಮೈಲಿ ದೂರ ಇರಬಹುದು.

ವೆಜಿಟೇರಿಯನ್ ಅಂದರೆ ಇಲ್ಲಿಯವರಿಗೆ ಮೊಟ್ಟೆ ತಿನ್ನುವವರು ಅಂತ ಅರ್ಥ. ನೀವು ಮೊಟ್ಟೆ ತಿನ್ನದಿದ್ದರೆ ಅದನ್ನು ಬೇರೆಯಾಗಿ ಹೇಳಿ. ಹಾಲು, ಬೆಣ್ಣೆ ತಿನ್ನುತ್ತೇವೆ ಅಂತಲೂ ಹೇಳಿ. ಇಲ್ಲದಿದ್ದರೆ ವೀಗನ್ ಅಂದುಕೊಂಡು ಬೆಣ್ಣೆಯನ್ನೂ ತೆಗೆದಿಡುತ್ತಾರೆ.

ಅಣಬೆ, ಟೊಮೇಟೊ, ಟ್ಯಾಟಿ ಸ್ಕೋನ್ ಇವನ್ನು ಬೇಕನ್ ಹುರಿದ ಬಾಣಲೆಯಲ್ಲೇ ಬಾಡಿಸುವುದು ಸಾಮಾನ್ಯ. ಬೇರೆ ಬಾಣಲೆಯಲ್ಲಿ ಎಣ್ಣೆ ಹಾಕಿ ಮಾಡಿಕೊಡಿ ಅಂತ ಕೇಳಲು ಸಂಕೋಚ ಬೇಡ. ನಾನು ಕೇಳಿದ ಯಾವ ಮನೆಯಲ್ಲೂ ಬೇಜಾರು ಮಾಡಿಕೊಂಡಿಲ್ಲ.

ಒಂದು ಐಟಂ ಬಗ್ಗೆ ಎಚ್ಚರ. ಫ್ರೂಟ್ ಪುಡಿಂಗ್ ಅನ್ನುವ ತುಂಡು ನೋಡಲು ದ್ರಾಕ್ಷಿ ಹಾಕಿದ ಕೇಕಿನ ಥರ ಇರುತ್ತದೆ. ಕ್ಲೂಟಿ ಡಂಪ್ಲಿಂಗ್ ಕೂಡ ಹಾಗೇ. ಎರಡಕ್ಕೂ ರೂಢಿಯಲ್ಲಿ ಸೂಯೆಟ್ ಹಾಕುತ್ತಾರೆ. ಸೂಯೆಟ್ ಅಂದರೆ ದನದ ಕೊಬ್ಬು. ಸಿಹಿ ತಾನೇ ಅಂತ ನಮ್ಮವರು ತಿಂದುಬಿಡುತ್ತಾರೆ. ಸಸ್ಯದ ಕೊಬ್ಬಿನಿಂದ ಮಾಡಿದ್ದೂ ಇರುತ್ತದೆ, ಕೇಳಿ ತಿನ್ನಿ. ಹಾಗೆಯೇ ಸ್ಕಾಚ್ ಬ್ರಾತ್ ಅನ್ನುವ ತರಕಾರಿ, ಬಾರ್ಲಿ ಸೂಪಿನಲ್ಲಿ ಸಾಮಾನ್ಯವಾಗಿ ಕುರಿ ಮಾಂಸದ ಸಾರು ಇರುತ್ತದೆ.

ಒಳ್ಳೆಯ ಸುದ್ದಿ ಏನೆಂದರೆ, ಹ್ಯಾಗಿಸ್‌ನಲ್ಲೂ ಸಸ್ಯಾಹಾರದ್ದು ಇದೆ. ಬೇಳೆಕಾಳು, ಓಟ್ಸ್, ತರಕಾರಿ ಹಾಕಿ ಮಾಡುತ್ತಾರೆ. 1980ರ ದಶಕದಲ್ಲಿ ಎಡಿನ್‌ಬರೋದಲ್ಲಿ ಶುರುವಾದದ್ದು. ಮೊದಲೇ ತಿಳಿಸಿದರೆ ಬಹಳ ಮನೆಯವರು ತರಿಸಿಡುತ್ತಾರೆ. ನಿಜಕ್ಕೂ ರುಚಿಯಾಗಿರುತ್ತದೆ.

ರಾತ್ರಿ ಊಟಕ್ಕೆ ಏನು ಮಾಡೋದು? ರೂಮಿನಲ್ಲಿ ಅಡುಗೆ ಮಾಡಬಹುದಾ?

ಹಳ್ಳಿಯ ಪಬ್ ಅಥವಾ ಹೋಟೆಲೇ ಗತಿ. ಅಲ್ಲಿ ಅಡುಗೆಮನೆ ಎಂಟು, ಎಂಟೂವರೆಗೆ ಮುಚ್ಚುತ್ತದೆ. ಬೆಳಕು ಹತ್ತೂವರೆ ತನಕ ಇರುವುದರಿಂದ ಹೊತ್ತು ಗೊತ್ತಾಗದೆ ನಮ್ಮವರು ಒಂಬತ್ತಕ್ಕೆ ಹೋಗಿ ಹಸಿದುಕೊಂಡು ವಾಪಸ್ ಬರುತ್ತಾರೆ. ಬೇಸಿಗೆಯಲ್ಲಿ ಟೇಬಲ್ ಕೂಡ ಮೊದಲೇ ಬುಕ್ ಮಾಡಬೇಕು. ಕೆಲವು ಮನೆಗಳಲ್ಲಿ ಮೊದಲೇ ಹೇಳಿದರೆ ಊಟ ಕೊಡುತ್ತಾರೆ. ಸಿಕ್ಕಿದರೆ ಬಿಡಬೇಡಿ.

ರೂಮಿನಲ್ಲಿ ಅಡುಗೆ ಬೇಡ. ಇಂಡಕ್ಷನ್ ಒಲೆ, ರೈಸ್ ಕುಕ್ಕರ್ ತರಲೇಬೇಡಿ. ಹೊಗೆ ಬಂದರೆ ಅಲಾರಂ ಹೊಡೆದುಕೊಳ್ಳುತ್ತದೆ, ಒಗ್ಗರಣೆಯ ವಾಸನೆ ಕಂಬಳಿಗೆ ಹಿಡಿದರೆ ವಾರಗಟ್ಟಲೆ ಹೋಗುವುದಿಲ್ಲ. ಆದರೆ ಪ್ರತಿ ರೂಮಿನಲ್ಲೂ ಕೆಟಲ್, ಟೀ, ಕಾಫಿ, ಶಾರ್ಟ್‌ಬ್ರೆಡ್ ಬಿಸ್ಕತ್ತು ಇಟ್ಟಿರುತ್ತಾರೆ. ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟು, ಅವಲಕ್ಕಿ ಪ್ಯಾಕೆಟ್ ನಾಲ್ಕು ಇಟ್ಟುಕೊಳ್ಳಿ. ಚಟ್ನಿಪುಡಿ ಇರಲಿ. ರೂಮಿನಲ್ಲಿ ತಿನ್ನಬಹುದಾ ಅಂತ ಒಂದು ಮಾತು ಕೇಳಿ.

ಬಾತ್‌ರೂಮ್ ಹೇಗಿರುತ್ತದೆ?

ಆನ್-ಸ್ವೀಟ್ ಅಂದರೆ ಕೋಣೆಯೊಳಗೇ ಇರುತ್ತದೆ. ಪ್ರೈವೇಟ್ ಬಾತ್‌ರೂಮ್ ಅಂದರೆ ನಿಮಗೆ ಮಾತ್ರ, ಆದರೆ ಕೋಣೆಯ ಆಚೆ, ಪಡಸಾಲೆ ದಾಟಿ ಇರಬಹುದು. ಶೇರ್ಡ್ ಅಂದರೆ ಬೇರೆಯವರ ಜೊತೆ ಹಂಚಿಕೊಳ್ಳುವುದು.

ಶವರ್ ಬರುತ್ತಿಲ್ಲ ಅಂತ ಗಾಬರಿಯಾಗಬೇಡಿ. ಛಾವಣಿಯಿಂದ ಒಂದು ದಾರ ನೇತಾಡುತ್ತಿರುತ್ತದೆ. ಅದನ್ನು ಎಳೆದರೆ ಕರೆಂಟ್ ಬರುತ್ತದೆ. ಟಾಯ್ಲೆಟ್‌ನಲ್ಲಿ ಜೆಟ್ ಇರುವುದಿಲ್ಲ, ಬೇಕಾದವರು ಮಗ್ ತನ್ನಿ. ಹಳ್ಳಿಯಲ್ಲಿ ಸೆಪ್ಟಿಕ್ ಟ್ಯಾಂಕ್ ಇರುವುದರಿಂದ ಒರೆಸುವ ಹಸಿ ಕಾಗದಗಳನ್ನು ಒಳಗೆ ಹಾಕಬಾರದು. ಕೆಲವೆಡೆ ನಲ್ಲಿ ನೀರು ತೆಳು ಟೀ ಬಣ್ಣ ಇರುತ್ತದೆ. ಕೊಳಕಲ್ಲ, ಬೆಟ್ಟದ ಪೀಟ್ ನೆಲದ ಬಣ್ಣ ಅದು. ಹಳ್ಳದಿಂದ ಬರುವ ಖಾಸಗಿ ನೀರಾದರೆ ಕುಡಿಯಬಹುದಾ ಅಂತ ಮನೆಯವರನ್ನು ಕೇಳಿ.

ಆ ದಾರಿಗಳಲ್ಲಿ ಕಾರು ಓಡಿಸಬಹುದಾ?

ಧಾರಾಳವಾಗಿ. ಭಾರತದ ಲೈಸೆನ್ಸ್‌ನಲ್ಲಿ ಪ್ರವಾಸಿಗಳು ಒಂದು ವರ್ಷದ ತನಕ ಓಡಿಸಬಹುದು. ಇಲ್ಲೂ ಎಡಗಡೆಯೇ. ಕಲಿಯಬೇಕಾದದ್ದು ಒಂಟಿ ದಾರಿಯ ಶಿಸ್ತು.

ಎರಡೂ ಕಡೆಯ ವಾಹನಗಳಿಗೆ ಒಂದೇ ಕಾರಿನ ಅಗಲದ ರಸ್ತೆ. ಅಲ್ಲಲ್ಲಿ ಪಾಸಿಂಗ್ ಪ್ಲೇಸ್ ಅಂತ ಸ್ವಲ್ಪ ಅಗಲ ಮಾಡಿರುತ್ತಾರೆ. ಎದುರಿಂದ ಗಾಡಿ ಕಂಡರೆ, ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಹೋಗಿ ನಿಲ್ಲಿ. ಬಲಕ್ಕಿದ್ದರೆ ಆ ಕಡೆ ದಾಟಬೇಡಿ. ಅದರ ನೇರಕ್ಕೆ ರಸ್ತೆಯಲ್ಲೇ ನಿಲ್ಲಿ, ಎದುರಿನವರು ಸುತ್ತಿಕೊಂಡು ಹೋಗುತ್ತಾರೆ. ಹಿಂದೆ ಗಾಡಿ ಕಾಯುತ್ತಿದ್ದರೂ ನಿಂತು ಬಿಟ್ಟುಕೊಡಿ. ಅದು ಡಾಕ್ಟರೋ ಶಾಲೆಯ ವ್ಯಾನೋ ಇರಬಹುದು. ದಾಟುವಾಗ ಸ್ಟೀರಿಂಗ್‌ನಿಂದ ಒಂದು ಕೈ ಎತ್ತಿ, ಥ್ಯಾಂಕ್ಸ್ ಅಂತ. ಎಲ್ಲರೂ ಎತ್ತುತ್ತಾರೆ. ಆ ಜಾಗಗಳಲ್ಲಿ ಫೋಟೋಗೆ ಅಂತ ಕಾರು ನಿಲ್ಲಿಸಬೇಡಿ. ಹಳ್ಳಿಯವರಿಗೆ ಪ್ರವಾಸಿಗಳ ಮೇಲೆ ಸಿಟ್ಟು ಬರುವುದೇ ಇದಕ್ಕೆ.

ಕುರಿಗಳು ರಸ್ತೆಯಲ್ಲೇ ಮಲಗಿರುತ್ತವೆ. ಹೊತ್ತು ಮುಳುಗುವಾಗ ಜಿಂಕೆ ಹಾರುತ್ತವೆ. ಅಲ್ಲಪೂಲ್‌ನಿಂದ ಡರ್ನೆಸ್ ಸುಮಾರು 110 ಕಿಲೋಮೀಟರ್, ಆದರೆ ನಿಲ್ಲುತ್ತಾ ನೋಡುತ್ತಾ ಹೋದರೆ ಅರ್ಧ ದಿನ ಬೇಕು. ಆಪಲ್‌ಕ್ರಾಸ್‌ಗೆ ಹೋಗುವ ಬೆಲಾಖ್ ನ ಬಾ ಘಾಟಿ ಸಮುದ್ರದ ಮಟ್ಟದಿಂದ 626 ಮೀಟರ್ ತನಕ ಏರುತ್ತದೆ. ಆಗುಂಬೆಯ ತಿರುವುಗಳಲ್ಲಿ ಓಡಿಸಿದವರು ನಿಭಾಯಿಸಬಹುದು. ಹೊಸಬರು ಶೀಲ್ಡೇಗ್ ಕಡೆಯಿಂದ ಕರಾವಳಿ ದಾರಿ ಹಿಡಿಯಿರಿ, ಉದ್ದವಾದರೂ ನೆಮ್ಮದಿ.

ಪೆಟ್ರೋಲ್ ಅರ್ಧಕ್ಕೆ ಇಳಿದಾಗಲೇ ತುಂಬಿಸಿ. ಕುಡಿದು ಓಡಿಸುವ ಮಿತಿ ಸ್ಕಾಟ್ಲೆಂಡಿನಲ್ಲಿ 2014ರಿಂದ ಇಂಗ್ಲೆಂಡಿಗಿಂತ ಬಿಗಿ: 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ. ರಾತ್ರಿ ವಿಸ್ಕಿ ಜಾಸ್ತಿಯಾದರೆ ಬೆಳಿಗ್ಗೆಯೂ ಅದು ರಕ್ತದಲ್ಲಿ ಉಳಿದಿರಬಹುದು.

ಕಾರು ಇಲ್ಲದೆ ಆಗುತ್ತದಾ?

ಆಗುತ್ತದೆ, ಆದರೆ ಜಾಗ ನೋಡಿ ಆರಿಸಬೇಕು. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂ, ಮಾಲೆಗ್ ತನಕ ಒಂದು ರೈಲು ದಾರಿ. ಇನ್ವರ್ನೆಸ್‌ನಿಂದ ಕೈಲ್ ಆಫ್ ಲೊಖಾಲ್ಶ್‌ಗೆ ಇನ್ನೊಂದು, ಥರ್ಸೋ, ವಿಕ್‌ಗೆ ಮತ್ತೊಂದು. ಮೊದಲ ದಾರಿಯಲ್ಲಿ ಕೊರಾವರ್ ಅನ್ನುವ ನಿಲ್ದಾಣ ಇದೆ. 408 ಮೀಟರ್ ಎತ್ತರದಲ್ಲಿದೆ, ಅಲ್ಲಿಗೆ ಸಾರ್ವಜನಿಕ ರಸ್ತೆಯೇ ಇಲ್ಲ. ಉತ್ತರದ ಸಣ್ಣ ನಿಲ್ದಾಣಗಳಲ್ಲಿ ರೈಲು ತಾನಾಗಿ ನಿಲ್ಲುವುದಿಲ್ಲ. ಇಳಿಯಬೇಕಾದರೆ ಗಾರ್ಡಿಗೆ ಹೇಳಬೇಕು, ಹತ್ತಬೇಕಾದರೆ ಕೈ ತೋರಿಸಬೇಕು. ಕೆಲವೆಡೆ ಈಗ ಒತ್ತುವ ಬಟನ್ ಇಟ್ಟಿದ್ದಾರೆ.

ಮಾಲೆಗ್‌ನಿಂದ ದೋಣಿ ಹಿಡಿದರೆ ನಾಯ್ಡಾರ್ಟ್‌ನ ಇನ್ವೇರಿ. ಬ್ರಿಟನ್ನಿನ ಮುಖ್ಯಭೂಮಿಯಲ್ಲೇ ಇದ್ದರೂ ಹೊರಗಿನಿಂದ ಆ ಊರಿಗೆ ರಸ್ತೆ ಇಲ್ಲ. ದೋಣಿ, ಇಲ್ಲವೇ ಬೆಟ್ಟ ದಾಟಿ ನಡಿಗೆ. ಊರಿನ ಪಬ್ಬನ್ನು 2022ರಲ್ಲಿ ಊರವರೇ ಸೇರಿ ಕೊಂಡುಕೊಂಡರು. ಎಲ್ಲಿಗೂ ಓಡದೆ ಮೂರು ದಿನ ಕೂರಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಭಾನುವಾರ ಎಲ್ಲ ಮುಚ್ಚಿರುತ್ತದಂತೆ, ಹೌದಾ?

ಲೂಯಿಸ್ ಮತ್ತು ಹ್ಯಾರಿಸ್‌ನಲ್ಲಿ ಹೆಚ್ಚಾಗಿ ಹೌದು. ಅಲ್ಲಿಯ ಕ್ರೈಸ್ತರು ಭಾನುವಾರವನ್ನು ದೇವರ ದಿನವೆಂದು ಶ್ರದ್ಧೆಯಿಂದ ಪಾಲಿಸುತ್ತಾರೆ. ಸ್ಟಾರ್ನೋವೆಯಿಂದ ಅಲ್ಲಪೂಲ್‌ಗೆ ಭಾನುವಾರದ ಫೆರಿ ಶುರುವಾಗಿದ್ದೇ 2009ರಲ್ಲಿ. ಅದಕ್ಕೂ ವಿರೋಧ ಇತ್ತು. ಕೆಲವು ಮನೆಗಳಲ್ಲಿ ಭಾನುವಾರ ಹೊಸಬರನ್ನು ಸೇರಿಸಿಕೊಳ್ಳುವುದಿಲ್ಲ. ಬಟ್ಟೆ ಒಗೆದು ಹೊರಗೆ ಒಣಹಾಕಬೇಡಿ. ಶನಿವಾರವೇ ಪೆಟ್ರೋಲ್, ಬ್ರೆಡ್ಡು, ಹಣ್ಣು ತಂದಿಟ್ಟುಕೊಳ್ಳಿ. ಚರ್ಚಿನಲ್ಲಿ ಗೇಲಿಕ್ ಭಾಷೆಯ ಕೀರ್ತನೆ ಹಾಡುತ್ತಾರೆ. ಒಬ್ಬರು ಸಾಲು ಎತ್ತಿಕೊಡುತ್ತಾರೆ, ಉಳಿದವರು ತಮ್ಮ ತಮ್ಮ ರಾಗದಲ್ಲಿ ಎಳೆಯುತ್ತಾರೆ. ಮನೆಯವರನ್ನು ಕೇಳಿಕೊಂಡು ಹಿಂದಿನ ಸಾಲಿನಲ್ಲಿ ಕೂತು ಕೇಳಿ. ನಮ್ಮ ಊರ ಭಜನೆ ಮನೆಯಲ್ಲಿ ಕೂತ ಹಾಗೆ ನನಗನಿಸಿತು.

ಇಷ್ಟು ದೊಡ್ಡ ನಾಡು ಇಷ್ಟು ಖಾಲಿ ಯಾಕೆ?

ಇದನ್ನು ಕೇಳುವವರು ಕಡಿಮೆ, ಆದರೆ ನಾನು ಹೇಳದೆ ಬಿಡುವುದಿಲ್ಲ. ಈ ಕಣಿವೆಗಳು ಮೊದಲಿನಿಂದ ಖಾಲಿ ಇದ್ದವಲ್ಲ. ಖಾಲಿ ಮಾಡಿಸಿದ್ದು. ಹದಿನೆಂಟನೇ ಶತಮಾನದ ಕೊನೆಯಿಂದ ಹತ್ತೊಂಬತ್ತನೆಯದರ ನಡುವಿನ ತನಕ ಜಮೀನ್ದಾರರು ಕುರಿ ಸಾಕಣೆಗಾಗಿ ಗೇಣಿದಾರರನ್ನು ಒಕ್ಕಲೆಬ್ಬಿಸಿದರು. ಸದರ್‌ಲ್ಯಾಂಡಿನ ಸ್ಟ್ರಾತ್‌ನೇವರ್ ಕಣಿವೆಯಲ್ಲಿ 1814ರಲ್ಲೂ 1819ರಲ್ಲೂ ಮನೆಗಳಿಗೆ ಬೆಂಕಿ ಇಟ್ಟರು. ಅಲ್ಲಿಯ ಜಮೀನ್ದಾರರ ಕಾರಭಾರಿ ಪ್ಯಾಟ್ರಿಕ್ ಸೆಲ್ಲರ್ ಮೇಲೆ 1816ರಲ್ಲಿ ಇನ್ವರ್ನೆಸ್‌ನಲ್ಲಿ ಮೊಕದ್ದಮೆ ನಡೆದು, ಆತ ಬಿಡುಗಡೆಯಾದ. ಜನ ಕಡಲ ದಂಡೆಯ ಕಲ್ಲು ನೆಲಕ್ಕೆ ಬಂದರು, ಎಷ್ಟೋ ಜನ ಕೆನಡಾಕ್ಕೆ ಹಡಗು ಹತ್ತಿದರು. 1845ರಲ್ಲಿ ಗ್ಲೆನ್‌ಕಾಲ್ವಿಯ ಜನ ಕ್ರೋಯಿಕ್ ಚರ್ಚಿನ ಅಂಗಳದಲ್ಲಿ ಆಸರೆ ಪಡೆದಾಗ ಕಿಟಕಿ ಗಾಜಿನ ಮೇಲೆ ಗೀಚಿದ ಮಾತುಗಳು ಈಗಲೂ ಇವೆ. ಹೋಗಿ ನೋಡಿ. ನಾನು ಅಲ್ಲಿ ಬಹಳ ಹೊತ್ತು ನಿಂತಿದ್ದೆ.

ಉಳಿದವರಿಗೆ ಸಿಕ್ಕಿದ್ದು ಕ್ರಾಫ್ಟ್, ಅಂದರೆ ಒಂದು ಸಣ್ಣ ತುಂಡು ನೆಲ. 1886ರ ಕಾಯ್ದೆ ಬಂದ ಮೇಲೆ ಅವರನ್ನು ಸುಮ್ಮನೆ ಎಬ್ಬಿಸುವ ಹಾಗಿಲ್ಲ ಅಂತಾಯಿತು. ಆದರೆ ಆ ನೆಲ ಒಂದರಿಂದಲೇ ಸಂಸಾರ ಸಾಗುವುದಿಲ್ಲ. ಹಾಗಾಗಿ ಮೀನು, ನೇಯ್ಗೆ, ರಸ್ತೆ ಕೆಲಸ. ಜೊತೆಗೆ ಮನೆಯ ಒಂದೆರಡು ಕೋಣೆ ದಾರಿಹೋಕರಿಗೆ. ನೀವು ಉಳಿಯುವ ಬಿ ಅಂಡ್ ಬಿ ಎಷ್ಟೋ ಕಡೆ ಇಂಥ ಕ್ರಾಫ್ಟ್ ಮನೆಯೇ. ನೀವು ಕೊಡುವ ದುಡ್ಡಿನಿಂದ ಒಂದು ಮನೆಯಲ್ಲಿ ದೀಪ ಉರಿಯುತ್ತದೆ, ಊರಿನ ಶಾಲೆಗೆ ಇನ್ನೊಂದು ಮಗು ಉಳಿಯುತ್ತದೆ. ಅಸಿಂಟ್‌ನ ಕ್ರಾಫ್ಟರ್‌ಗಳು 1993ರಲ್ಲಿ ದುಡ್ಡು ಕೂಡಿಸಿ ತಾವು ಉಳುತ್ತಿದ್ದ ಎಸ್ಟೇಟನ್ನೇ ಕೊಂಡರು. ಗೇಣಿ, ಉಳುವವನೇ ಒಡೆಯ ಅನ್ನುವ ಮಾತು ಕೇಳಿ ಬೆಳೆದ ನಮಗೆ ಈ ಕತೆ ಬೇಗ ಮನಸ್ಸಿಗೆ ತಟ್ಟುತ್ತದೆ. ಹ್ಯಾರಿಸ್‌ನ ಶೆಡ್ಡುಗಳಲ್ಲಿ ಈಗಲೂ ಮಗ್ಗದ ಸದ್ದು ಕೇಳುತ್ತದೆ. 1993ರ ಕಾಯ್ದೆಯ ಪ್ರಕಾರ ದ್ವೀಪದವರು ತಮ್ಮ ಮನೆಯಲ್ಲೇ ನೇಯ್ದರೆ ಮಾತ್ರ ಆ ಉಣ್ಣೆ ಬಟ್ಟೆ ಹ್ಯಾರಿಸ್ ಟ್ವೀಡ್.

ಬೇರೆಯವರ ಹೊಲ, ಬೆಟ್ಟದಲ್ಲಿ ನಡೆಯಬಹುದಾ?

ಹೌದು. 2003ರ ಭೂಸುಧಾರಣಾ ಕಾಯ್ದೆಯಿಂದ ಸ್ಕಾಟ್ಲೆಂಡಿನಲ್ಲಿ ಹೆಚ್ಚಿನ ನೆಲ, ನೀರಿನ ಮೇಲೆ ಎಲ್ಲರಿಗೂ ಓಡಾಡುವ ಹಕ್ಕಿದೆ. ಮನೆಯ ಅಂಗಳ ಬಿಡಿ, ಪೈರು ತುಳಿಯಬೇಡಿ, ಗೇಟು ಹೇಗಿತ್ತೋ ಹಾಗೆ ಬಿಡಿ. ಮರಿ ಹಾಕುವ ಕಾಲದಲ್ಲಿ ಕುರಿಗಳ ಹತ್ತಿರ ಹೋಗಬೇಡಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಮನೆಯವರಿಗೆ ಹೇಳಿ ಹೋಗಿ. ವಾಪಸ್ ಬಂದ ಮೇಲೆ ಕಾಲಿಗೆ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ, ಅದರಿಂದ ಲೈಮ್ ಕಾಯಿಲೆ ಬರಬಹುದು.

ಮಿಜ್ ಅಂದರೇನು? ಅಷ್ಟು ಕಾಟವಾ?

ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ಕಚ್ಚುವ ನೊಣ. ಒಂದಲ್ಲ, ಮೋಡದ ಹಾಗೆ ಬರುತ್ತವೆ. ಮೇ ಕೊನೆಯಿಂದ ಸೆಪ್ಟೆಂಬರ್ ತನಕ, ಗಾಳಿ ಇಲ್ಲದ ಮೋಡದ ಸಂಜೆಗಳಲ್ಲಿ ಜಾಸ್ತಿ. ಸ್ವಲ್ಪ ಗಾಳಿ ಬೀಸಿದರೂ ಹಾರಲಾರವು. ತಲೆಗೆ ಹಾಕುವ ಬಲೆ, ಸ್ಮಿಜ್ ಥರದ ಲೋಷನ್ ಇಲ್ಲಿನ ಅಂಗಡಿಗಳಲ್ಲೇ ಸಿಗುತ್ತದೆ. ಸಂಜೆ ದೀಪ ಹಾಕಿ ಕಿಟಕಿ ತೆರೆದಿಡಬೇಡಿ.

ಅಪ್ಪ ಅಮ್ಮ, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಅಪ್ಪ ಅಮ್ಮನಿಗೆ ಬಹಳ ಇಷ್ಟವಾಗುತ್ತದೆ. ಮಂಡಿ ನೋವಿದ್ದರೆ ಕೆಳಗಿನ ಕೋಣೆಯೇ ಬೇಕು ಅಂತ ಕೇಳಿ, ಹಳೇ ಮನೆಗಳ ಮೆಟ್ಟಿಲು ಕಡಿದಾಗಿರುತ್ತವೆ. ಮಕ್ಕಳ ವಿಷಯದಲ್ಲಿ ಒಂದೊಂದು ಮನೆ ಒಂದೊಂದು ಥರ. ಕೆಲವರು ಹನ್ನೆರಡು ವರ್ಷದ ಒಳಗಿನವರನ್ನು ಸೇರಿಸುವುದಿಲ್ಲ. ನಾಯಿ ಸಾಕಿರುತ್ತಾರೆ. ಭಯ ಇದ್ದರೆ ಮೊದಲೇ ಹೇಳಿ. ತುರ್ತು ಇದ್ದರೆ 999, ರಾತ್ರಿ ಹೊತ್ತು ಡಾಕ್ಟರ ಸಲಹೆಗೆ 111. ಮಾಮೂಲಿ ಮಾತ್ರೆಗಳು ನಿಮ್ಮ ಹತ್ತಿರವೇ ಇರಲಿ, ಔಷಧಿ ಅಂಗಡಿ ದೂರ.

ಟಿಪ್ಸ್ ಕೊಡಬೇಕಾ? ಕಾರ್ಡ್ ನಡೆಯುತ್ತದಾ?

ಟಿಪ್ಸ್ ಬೇಕಿಲ್ಲ, ಮನೆ ಯಜಮಾನರಿಗೆ ಅದು ಮುಜುಗರ. ಪಡಸಾಲೆಯಲ್ಲಿ ವಿಸಿಟರ್ಸ್ ಬುಕ್ ಇಟ್ಟಿರುತ್ತಾರೆ, ಅದರಲ್ಲಿ ನಾಲ್ಕು ಸಾಲು ಬರೆಯಿರಿ. ಕನ್ನಡದಲ್ಲೂ ಒಂದು ಸಾಲು ಬರೆದು ಅರ್ಥ ಹೇಳಿ. ಗೇಲಿಕ್ ಮಾತಾಡುವ ಮನೆಯಾದರೆ ಅದರ ಬಗ್ಗೆಯೇ ಅರ್ಧ ಗಂಟೆ ಮಾತು ನಡೆಯುತ್ತದೆ. ನಾನು ಚಿಕ್ಕಮಗಳೂರು ಕಾಫಿಪುಡಿಯ ಒಂದು ಪ್ಯಾಕೆಟ್ ಒಯ್ದು ಕೊಡುತ್ತೇನೆ. ಚಿಕೋರಿ ಇಲ್ಲದ್ದು ಕೊಡಿ, ಅವರ ಕಾಫಿ ಜಗ್‌ಗೆ ಅದು ಹೊಂದುತ್ತದೆ.

ಕಾರ್ಡ್ ಬಹಳ ಕಡೆ ನಡೆಯುತ್ತದೆ, ಆದರೆ ನೆಟ್‌ವರ್ಕ್ ಹೋದ ದಿನಕ್ಕೆ ನೂರಿನ್ನೂರು ಪೌಂಡ್ ನಗದು ಇಟ್ಟುಕೊಳ್ಳಿ. ಸ್ಕಾಟ್ಲೆಂಡಿನಲ್ಲಿ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ. ಅಸಲಿ ಪೌಂಡೇ, ಬೆಲೆ ಒಂದೇ. ಆದರೆ ಬೆಂಗಳೂರಿನಲ್ಲಿ ಬದಲಿಸಲು ಹೋದರೆ ಕಷ್ಟ. ಹೊರಡುವ ಮೊದಲು ಇಲ್ಲೇ ಖರ್ಚು ಮಾಡಿ, ಇಲ್ಲವೇ ಬ್ಯಾಂಕಿನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ನೋಟಿಗೆ ಬದಲಿಸಿಕೊಳ್ಳಿ.